ಎಲೆ ಯಾರದು, ಆಟ ಯಾರದು?

2022ನೇ ಇಸವಿ ನವೆಂಬರ್ 28ರಂದು ಅಮೆರಿಕದ ಒಂದು ಕಂಪೆನಿ ಅರವತ್ತು ಆಟದ ಎಲೆಗಳನ್ನು 999 ಡಾಲರಿಗೆ ಮಾರಾಟಕ್ಕೆ ಇಟ್ಟಿತು. ಹದಿನೈದು ಎಲೆಗಳ ನಾಲ್ಕು ಪೊಟ್ಟಣ. ಒಳಗೆ ಯಾವ ಎಲೆ ಇದೆಯೆಂಬುದು ಹರಿದು ನೋಡುವ ತನಕ ಕೊಂಡವನಿಗೂ ತಿಳಿಯದು. ಮೂವತ್ತು ವರ್ಷದ ಹಿಂದಿನ ಎಲೆಗಳನ್ನೇ ಮತ್ತೆ ಅಚ್ಚು ಮಾಡಿ, ಬೆನ್ನ ಮೇಲಿನ ಚಿತ್ರವನ್ನು ಬದಲಿಸಿದ್ದರು. ಅವನ್ನು ಹಿಡಿದು ಆ ಕಂಪೆನಿಯೇ ಮಾನ್ಯ ಮಾಡಿದ ಪಂದ್ಯಗಳಲ್ಲಿ ಕೂರುವಂತಿಲ್ಲ. ನೇರವಾಗಿ ಹೇಳುವುದಾದರೆ ಅವು ನಕಲುಗಳು. ಒಡೆಯನೇ ಅಚ್ಚು ಹಾಕಿಸಿದ ನಕಲುಗಳು. ಆಟದ ಪರಮ ಭಕ್ತರು ಕೂಡ ಆ ದಿನ ಛೀ ಎಂದರು.

ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. ಕಂಪೆನಿ ವಿಝರ್ಡ್ಸ್ ಆಫ್ ದ ಕೋಸ್ಟ್. ಅದನ್ನು 1999ರಲ್ಲಿ ಕೊಂಡುಕೊಂಡ ದೊಡ್ಡ ಧಣಿ ಹ್ಯಾಸ್ಬ್ರೋ ಎಂಬ ಆಟಿಕೆ ಕಂಪೆನಿ.

ಇಸ್ಪೀಟು ಎಂದ ಕೂಡಲೇ ಮೂಗು ಮುರಿಯುವವರು ನಮ್ಮ ಓದುಗರಲ್ಲಿಯೂ ಉಂಟೆಂದು ಬಲ್ಲೆವು. ಭತ್ತದ ಬೆಲೆ, ಗೇಣಿಯ ಪ್ರಶ್ನೆ, ಬಸ್ ದರ ಬರೆಯಬೇಕಾದ ಜಾಗದಲ್ಲಿ ಎಲೆಯಾಟದ ಮಾತೇಕೆ ಎಂದು ಅವರು ಕೇಳುವರು. ಕೇಳಲಿ. ದುಡಿದು ದಣಿದವನು ಸಂಜೆ ಎರಡು ಗಂಟೆ ಏನು ಮಾಡುತ್ತಾನೆ, ಆ ಎರಡು ಗಂಟೆಗೆ ಬಾಡಿಗೆ ವಸೂಲು ಮಾಡುವವರು ಯಾರು ಎಂಬುದು ಕೂಡ ಸಮಾಜವಾದದ ಪ್ರಶ್ನೆಯೇ. ಮೇಲಾಗಿ, ಈ ಆಟವನ್ನು ಆಡುವವರು ಬೆಂಗಳೂರಿನಂಥ ನಮ್ಮ ಊರುಗಳಲ್ಲಿಯೂ ಇದ್ದಾರೆ. ಅಂತಹ ಕೆಲವು ಹುಡುಗರು ಒಂದು ಭಾನುವಾರ ನಮ್ಮ ಕಚೇರಿಯ ಮೇಜಿನ ಮೇಲೆ ಒಂದು ಪೆಟ್ಟಿಗೆ ತೆರೆದು ನಮ್ಮನ್ನೂ ಕೂರಿಸಿಕೊಂಡರು. ನಾವು ಸೋತೆವು, ಅದು ಬೇರೆ ಮಾತು.

ನಮ್ಮ ಹಳ್ಳಿಯ ಕಟ್ಟೆಯ ಮೇಲೆ ಬಿಚ್ಚುವ ಇಸ್ಪೀಟಿನ ಕಟ್ಟಿನಲ್ಲಿ ಐವತ್ತೆರಡು ಎಲೆ. ಒಬ್ಬ ಕೊಂಡು ತಂದರೆ ಊರೆಲ್ಲ ಆಡಬಹುದು. ಸಾಹುಕಾರನ ಎಕ್ಕ ಬೇರೆ, ಕೂಲಿಯವನ ಎಕ್ಕ ಬೇರೆ ಎಂಬುದಿಲ್ಲ. ಕಲೆಸಿ ಹಂಚಿದ ಮೇಲೆ ಯಾರ ಕೈಗೆ ಯಾವುದು ಬರುವುದೋ ಬಂದಿತು. ಹಣ ಕಟ್ಟಿ ಆಡಿ ಮನೆ ಹಾಳು ಮಾಡಿಕೊಂಡವರಿದ್ದಾರೆ, ನಿಜ. ಆದರೆ ಹಾಳು ಮಾಡಿದ್ದು ಕಟ್ಟಿದ ಹಣ, ಎಲೆಯ ಬೆಲೆಯಲ್ಲ.

ಮ್ಯಾಜಿಕ್ ಆಟ ಈ ನ್ಯಾಯವನ್ನೇ ತಲೆಕೆಳಗು ಮಾಡಿತು. ಗಣಿತ ಓದಿದ ರಿಚರ್ಡ್ ಗಾರ್ಫೀಲ್ಡ್ ಎಂಬುವರು ಇದನ್ನು ರೂಪಿಸಿದರು. 1993ರಲ್ಲಿ ಮಾರುಕಟ್ಟೆಗೆ ಬಂದಿತು. ಪ್ರತಿಯೊಬ್ಬನೂ ತನ್ನ ಎಲೆಗಳನ್ನು ತಾನೇ ಕೊಂಡು, ಅದರಿಂದ ತನ್ನ ಕಟ್ಟನ್ನು ತಾನೇ ಜೋಡಿಸಿ ತರಬೇಕು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂದು ಐದು ಬಣ್ಣ; ಒಂದೊಂದು ಬಣ್ಣಕ್ಕೆ ಒಂದೊಂದು ಸ್ವಭಾವ. ನೆಲದ ಎಲೆಗಳಿಂದ ಶಕ್ತಿ ಪಡೆದು, ಆ ಶಕ್ತಿಯನ್ನು ವ್ಯಯ ಮಾಡಿ ಪ್ರಾಣಿಗಳನ್ನೂ ಮಂತ್ರಗಳನ್ನೂ ಕಣಕ್ಕಿಳಿಸಿ, ಎದುರಾಳಿಯ ಇಪ್ಪತ್ತು ಅಂಶಗಳ ಆಯುಸ್ಸನ್ನು ಸೊನ್ನೆಗಿಳಿಸಿದವನು ಗೆದ್ದ. ಇಂದಿಗೆ ಅಚ್ಚಾಗಿರುವ ಬೇರೆ ಬೇರೆ ಎಲೆಗಳೇ 25 ಸಾವಿರಕ್ಕೂ ಮಿಕ್ಕಿವೆ. ಆಟ ಚೆನ್ನಾಗಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಚದುರಂಗದ ಲೆಕ್ಕಾಚಾರವೂ ಇಸ್ಪೀಟಿನ ಅದೃಷ್ಟವೂ ಅದರಲ್ಲಿ ಹದವಾಗಿ ಬೆರೆತಿವೆ.

ಆದರೆ ಎಲೆ ದೊರೆಯುವ ದಾರಿ ನೋಡಿ. ಹದಿನೈದು ಎಲೆಯ ಮುಚ್ಚಿದ ಪೊಟ್ಟಣ. ಬಹುಕಾಲ ನಡೆದುಬಂದ ಪದ್ಧತಿಯಂತೆ ಅದರಲ್ಲಿ ಹನ್ನೊಂದು ಸಾಮಾನ್ಯ, ಮೂರು ತುಸು ವಿರಳ, ಒಂದೇ ಒಂದು ವಿರಳ. ಬೇಕಾದ ವಿರಳ ಎಲೆ ಸಿಕ್ಕುವ ತನಕ ಹರಿಯುತ್ತಲೇ ಇರಬೇಕು. ಆ ವಿರಳತೆ ಮಳೆ ಬೆಳೆ ತಂದದ್ದಲ್ಲ, ಭೂಮಿ ತಂದದ್ದಲ್ಲ. ಕಾಗದ ಒಂದೇ, ಮಸಿ ಒಂದೇ, ಅಚ್ಚಿನ ಕೂಲಿ ಒಂದೇ. ಇದನ್ನು ಕಡಿಮೆ ಹೊಡೆಯಿರಿ ಎಂದು ಕಚೇರಿಯಲ್ಲಿ ಕುಳಿತು ತೀರ್ಮಾನಿಸಿದ ಬರಗಾಲ ಅದು. ದಾಸ್ತಾನು ಮುಚ್ಚಿಟ್ಟು ಅಕ್ಕಿಯ ಬೆಲೆ ಏರಿಸುವ ಮಂಡಿ ವ್ಯಾಪಾರಿಯನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ವರ್ಷಗಳ ನಿಯಮದಲ್ಲಿ ಇನ್ನೊಂದು ಸೊಗಸಿತ್ತು. ಆಟ ಶುರುವಾಗುವ ಮುನ್ನ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಎಲೆಯನ್ನು ಪಣಕ್ಕೆ ಇಡಬೇಕು, ಗೆದ್ದವನಿಗೆ ಎರಡೂ. ಜನ ಒಪ್ಪಲಿಲ್ಲ, ಕಂಪೆನಿಯೂ ಕೈಬಿಟ್ಟಿತು. ಪಣ ಹೋಯಿತು, ಪೊಟ್ಟಣ ಉಳಿಯಿತು.

1995ರಲ್ಲಿ ಕಂಪೆನಿ ಹಳೆಯ ಎಲೆಗಳನ್ನು ಕ್ರಾನಿಕಲ್ಸ್ ಎಂಬ ಹೆಸರಿನಲ್ಲಿ ಮತ್ತೆ ಅಚ್ಚು ಮಾಡಿತು. ಎಲ್ಲರಿಗೂ ಎಲೆ ಸಿಕ್ಕಿತು ಎಂದು ಜನ ಹಿಗ್ಗಬೇಕಿತ್ತು. ಕೂಡಿಟ್ಟವರು ಮಾತ್ರ ನಮ್ಮ ಆಸ್ತಿಯ ಬೆಲೆ ಬಿದ್ದಿತೆಂದು ಗುಲ್ಲೆಬ್ಬಿಸಿದರು. ಕಂಪೆನಿ ಯಾರ ಮಾತು ಕೇಳಿತು? 1996ರಲ್ಲಿ ಒಂದು ಪಟ್ಟಿ ಮಾಡಿ, ಇದರಲ್ಲಿರುವ ಎಲೆಗಳನ್ನು ಮತ್ತೆಂದೂ ಅಚ್ಚು ಮಾಡುವುದಿಲ್ಲವೆಂದು ವಚನ ಕೊಟ್ಟಿತು. ಅಂದಿನಿಂದ ಐನೂರಕ್ಕೂ ಹೆಚ್ಚು ಎಲೆಗಳು ಆಟದ ಸಾಮಾನು ಆಗಿರುವುದು ತಪ್ಪಿ ಸೇಟುಗಳ ತಿಜೋರಿಯ ಪತ್ರಗಳಾಗಿವೆ. ಬ್ಲ್ಯಾಕ್ ಲೋಟಸ್ ಎಂಬ ಒಂದೇ ಎಲೆಯ ಒಂದು ಪ್ರತಿ 2024ರಲ್ಲಿ 30 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. 2023ರಲ್ಲಿ ಕಂಪೆನಿ ಇನ್ನೂ ಒಂದು ಹೆಜ್ಜೆ ಹೋಗಿ, ಲೋಕಕ್ಕೆಲ್ಲ ಒಂದೇ ಪ್ರತಿಯಿರುವ ಎಲೆಯನ್ನು ಪೊಟ್ಟಣವೊಂದರಲ್ಲಿ ಅಡಗಿಸಿ ಹುಡುಕಿ ಎಂದಿತು. ಅದು ಕೆನಡಾದಲ್ಲಿ ಸಿಕ್ಕಿತು. ಒಬ್ಬ ಪ್ರಸಿದ್ಧ ಗಾಯಕರು ಸುಮಾರು 20 ಲಕ್ಷ ಡಾಲರು ಕೊಟ್ಟು ಕೊಂಡರು. ಇದಕ್ಕೂ ಲಾಟರಿಗೂ ಏನು ಅಂತರ? ನಮ್ಮ ರಾಜ್ಯದಲ್ಲಿ ಲಾಟರಿಯನ್ನು 2007ರಲ್ಲಿ ನಿಲ್ಲಿಸಿದರು. ಅಲ್ಲಿನ ನ್ಯಾಯಾಲಯಗಳ ತರ್ಕ ಬೇರೆ. ಕ್ರೀಡಾಪಟುಗಳ ಚಿತ್ರದ ಎಲೆಗಳನ್ನು ಇದೇ ರೀತಿ ಮುಚ್ಚಿದ ಪೊಟ್ಟಣದಲ್ಲಿ ಮಾರುವ ಕಂಪೆನಿಗಳ ಮೇಲೆ, ಇದು ಜೂಜು ಎಂದು ಕೊಂಡವರು ದಾವೆ ಹೂಡಿದರು. ನೀವು ಹಣ ಕೊಟ್ಟದ್ದು ಪೊಟ್ಟಣಕ್ಕೂ ಅದೃಷ್ಟದ ಅವಕಾಶಕ್ಕೂ, ಅದೆರಡೂ ನಿಮಗೆ ದೊರೆತಿದೆ, ನಿರಾಸೆಯೆಂಬುದು ನಷ್ಟವಲ್ಲ ಎಂದು 2002ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅವರನ್ನು ಕಳುಹಿಸಿಬಿಟ್ಟಿತು. ಜೂಜು ಹೌದೆಂದೂ ಅಲ್ಲವೆಂದೂ ಹೇಳುವ ಗೋಜಿಗೇ ಹೋಗಬೇಕಾಗಲಿಲ್ಲ.

ಹೀಗೆ ಬಂದ ಹಣ ಎಲೆಯ ಚಿತ್ರ ಬರೆದವನಿಗೆ, ನಿಯಮ ತಿದ್ದಿದವನಿಗೆ ಹಂಚಿಹೋಯಿತೆ? 2022ರಲ್ಲಿ ಈ ಒಂದೇ ಆಟದ ವಹಿವಾಟು ನೂರು ಕೋಟಿ ಡಾಲರು ದಾಟಿತು. ಮರುವರ್ಷ ಹ್ಯಾಸ್ಬ್ರೋ ಮೊದಲು ಸುಮಾರು 1,000, ಆಮೇಲೆ ಕ್ರಿಸ್‌ಮಸ್ಸಿಗೆ ಎರಡು ವಾರ ಇರುವಾಗ ಸುಮಾರು 1,100 ನೌಕರರನ್ನು ಮನೆಗೆ ಕಳುಹಿಸುವುದಾಗಿ ಸಾರಿತು. ನಷ್ಟ ಬಂದದ್ದು ಬೊಂಬೆ ಆಟಿಕೆಗಳ ವಿಭಾಗದಲ್ಲಿ. ಲಾಭ ತಂದ ಎಲೆಯಾಟದ ವಿಭಾಗದವರೂ ಬೀದಿಗೆ ಬಿದ್ದರು. ಅದೇ 2023ರ ಏಪ್ರಿಲ್‌ನಲ್ಲಿ, ಇನ್ನೂ ಬಿಡುಗಡೆಯಾಗದ ಎಲೆಗಳು ಹೇಗೋ ಕೈಸೇರಿ ಅವನ್ನು ಲೋಕಕ್ಕೆ ತೋರಿಸಿದ ಒಬ್ಬ ಆಟಗಾರನ ಮನೆ ಬಾಗಿಲಿಗೆ ಕಂಪೆನಿ ಪಿಂಕರ್ಟನ್ ಏಜೆನ್ಸಿಯ ಜನರನ್ನು ಕಳುಹಿಸಿತು. ಈ ಹೆಸರನ್ನು ಕಾರ್ಮಿಕ ಚರಿತ್ರೆ ಓದಿದವರು ಮರೆಯಲಾರರು. 1892ರಲ್ಲಿ ಪೆನ್ಸಿಲ್ವೇನಿಯದ ಹೋಮ್‌ಸ್ಟೆಡ್‌ನಲ್ಲಿ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯ ಕಾರ್ಮಿಕರ ಮೇಲೆ ದೋಣಿಗಳಲ್ಲಿ ಬಂದಿಳಿದ ಕೋವಿಧಾರಿಗಳು ಇದೇ ಪಿಂಕರ್ಟನ್ನಿನವರು. ನೂರ ಮೂವತ್ತು ವರ್ಷದ ಬಳಿಕ ಅದೇ ಬಿಲ್ಲೆ ಕಾಗದದ ಎಲೆ ಹುಡುಕಿಕೊಂಡು ಮನೆಯ ಕದ ತಟ್ಟಿತು.

ಇಷ್ಟನ್ನು ಹೇಳಿ ಆಟವನ್ನೇ ಸುಟ್ಟುಬಿಡಿ ಎಂದು ನಾವು ಹೇಳಬಹುದಿತ್ತು. ಹೇಳುವುದಿಲ್ಲ. ಏಕೆಂದರೆ ಆಡುವ ಜನ ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ. ಇದರ ಹೆಸರು ಕ್ಯೂಬ್.

ಮೊದಲು ಡ್ರಾಫ್ಟ್ ಎಂದರೇನು ಹೇಳಬೇಕು. ಎಂಟು ಜನ ಮೇಜಿನ ಸುತ್ತ ಕೂರುವರು. ಪ್ರತಿಯೊಬ್ಬನಿಗೆ ಮೂರು ಪೊಟ್ಟಣ. ಮೊದಲನೆಯದನ್ನು ಒಡೆದು ಒಂದು ಎಲೆ ತಾನು ಇಟ್ಟುಕೊಂಡು ಉಳಿದದ್ದನ್ನು ಎಡಗಡೆಯವನಿಗೆ ದಾಟಿಸಬೇಕು. ಬಲಗಡೆಯಿಂದ ಬಂದ ಹದಿನಾಲ್ಕರಲ್ಲಿ ಮತ್ತೊಂದು. ಹೀಗೆ ಮುಗಿಯುವ ತನಕ. ಎರಡನೆಯ ಪೊಟ್ಟಣ ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ಕೈಯಲ್ಲಿ ನಲವತ್ತೈದು ಎಲೆ. ಅದರಲ್ಲಿ ಇಪ್ಪತ್ತಮೂರರಷ್ಟನ್ನು ಆರಿಸಿ, ಹದಿನೇಳರಷ್ಟು ನೆಲದ ಎಲೆ ಸೇರಿಸಿ ನಲವತ್ತರ ಕಟ್ಟು ಮಾಡಿ ಆಡುವುದು. ಇದರಲ್ಲಿ ಹಣವಂತನಿಗೆ ಮೇಲುಗೈಯಿಲ್ಲ. ಎಲ್ಲರೂ ಬರಿಗೈಯಲ್ಲಿ ಕೂರುವವರೇ. ಬಲಗಡೆಯಿಂದ ಒಳ್ಳೆಯ ನೀಲಿ ಎಲೆ ಆರನೆಯ, ಏಳನೆಯ ಸುತ್ತಿನಲ್ಲಿಯೂ ಬರುತ್ತಿದ್ದರೆ ಅತ್ತ ಯಾರೂ ನೀಲಿ ಹಿಡಿದಿಲ್ಲವೆಂದು ಅರಿಯಬೇಕು. ಬಾಯಿ ತೆರೆಯದೆ ಪಕ್ಕದವನ ಮನಸ್ಸನ್ನು ಓದುವ ಈ ಭಾಗವೇ ಆಟದ ಜೀವ ಎಂದು ಬಲ್ಲವರು ಹೇಳುತ್ತಾರೆ. ನಮಗೂ ಹಾಗೆಯೇ ತೋರಿತು.

ಆದರೆ ಎಂಟು ಜನಕ್ಕೆ ಇಪ್ಪತ್ತನಾಲ್ಕು ಪೊಟ್ಟಣ ಬೇಕು. ಪೊಟ್ಟಣಕ್ಕೆ ಸುಮಾರು 4 ಡಾಲರು ಇದ್ದ ಕಾಲದಲ್ಲೇ ಒಂದು ಸಂಜೆಗೆ 96 ಡಾಲರು ಹೊಗೆ. ಮುಂದಿನ ವಾರ ಮತ್ತೆ ಅಷ್ಟು. 2024ರಲ್ಲಿ ಆ ಡ್ರಾಫ್ಟ್ ಪೊಟ್ಟಣವನ್ನೂ ತೆಗೆದುಹಾಕಿ, ಹದಿನಾಲ್ಕೇ ಆಟದ ಎಲೆಗಳ, ಹೆಚ್ಚು ಬೆಲೆಯ ಬೇರೊಂದು ಪೊಟ್ಟಣವನ್ನು ತಂದರು.

ಕ್ಯೂಬ್ ಮಾಡುವವನು ಪೊಟ್ಟಣವನ್ನು ಬಿಡುತ್ತಾನೆ, ಆಟವನ್ನು ಉಳಿಸಿಕೊಳ್ಳುತ್ತಾನೆ. ಎಂಟು ಜನಕ್ಕೆ ನಲವತ್ತೈದರಂತೆ 360 ಎಲೆಗಳನ್ನು ಒಂದೊಂದಾಗಿ ಆರಿಸಿ, ಒಂದೇ ಎಲೆ ಎರಡು ಸಲ ಬಾರದಂತೆ ನೋಡಿಕೊಂಡು, ಒಂದು ಪೆಟ್ಟಿಗೆಯಲ್ಲಿ ಇಡುವುದು. ಆಡುವ ದಿನ ಕಲೆಸಿ ಹದಿನೈದರ ಇಪ್ಪತ್ತನಾಲ್ಕು ಗುಂಪು ಮಾಡುವುದು. ಆಟ ಮುಗಿದ ಮೇಲೆ ಎಲ್ಲವೂ ಪೆಟ್ಟಿಗೆಗೆ ವಾಪಸು. ಮುಂದಿನ ವಾರ ಅದೇ ಎಲೆಗಳಿಂದ ಬೇರೆಯೇ ಆಟ. ಇಸ್ಪೀಟಿನ ಕಟ್ಟೆಯ ನ್ಯಾಯ ಮರಳಿ ಬಂದಿತು! ಈ ಶತಮಾನದ ಮೊದಲ ವರ್ಷಗಳಲ್ಲಿ ಆಟಗಾರರು ಮನೆಗಳಲ್ಲಿ ಬೆಳೆಸಿದ ಈ ಪದ್ಧತಿಯನ್ನು ಕಂಪೆನಿ 2012ರಲ್ಲಿ ತನ್ನ ಕಂಪ್ಯೂಟರ್ ಆಟಕ್ಕೂ ಸೇರಿಸಿಕೊಂಡಿತು. ಪ್ರವೇಶ ಶುಲ್ಕವೇನೋ ಇತ್ತು. ಆರಿಸಿದ ಎಲೆ ಮಾತ್ರ ಆಟಗಾರನಿಗೆ ಉಳಿಯುವುದಿಲ್ಲ.

ಪೆಟ್ಟಿಗೆ ತುಂಬಿದರೆ ಕ್ಯೂಬ್ ಆಯಿತೆಂದು ತಿಳಿಯಬಾರದು. ಕಚೇರಿಗೆ ಬಂದ ಹುಡುಗರು ತೋರಿಸಿದ ಲೆಕ್ಕ ಹೀಗಿತ್ತು: ಐದು ಬಣ್ಣಕ್ಕೆ ಐವತ್ತರಂತೆ 250, ಎರಡೆರಡು ಬಣ್ಣದ ಜೋಡಿಗಳು ಹತ್ತು, ಜೋಡಿಗೆ ನಾಲ್ಕರಂತೆ 40, ಬಣ್ಣವಿಲ್ಲದ ಯಂತ್ರ, ಆಯುಧಗಳು 40, ಬಣ್ಣ ಬೆರೆಸಲು ನೆರವಾಗುವ ನೆಲ 30. ಒಟ್ಟು 360. ಈ ಲೆಕ್ಕದ ಒಳಗೆ ಇನ್ನೊಂದು ಲೆಕ್ಕ. ಒಂದೆರಡು ಅಂಶ ಶಕ್ತಿಯಲ್ಲಿ ಆಡಬಹುದಾದ ಅಗ್ಗದ ಎಲೆಗಳು ಹೇರಳವಾಗಿರಬೇಕು. ಆರೇಳು ಅಂಶ ಕೇಳುವ ಭಾರಿ ಎಲೆಗಳು ಕೆಲವೇ ಸಾಕು. ಹೊಸಬರು ಮಾಡುವ ತಪ್ಪು ಇಲ್ಲಿಯೇ: ತಮಗೆ ಕಂಡ ಭರ್ಜರಿ ಎಲೆಗಳನ್ನೆಲ್ಲ ತುಂಬಿಬಿಡುತ್ತಾರೆ, ಆಡಲು ಕುಳಿತವರು ನಾಲ್ಕು ಸುತ್ತು ಕೈಕಟ್ಟಿ ಕೂರುತ್ತಾರೆ. ರಾಶಿ ಸೈನ್ಯ ಇಳಿಸಿ ಬೇಗ ಮುಗಿಸಬೇಕೆನ್ನುವವನಿಗೂ ದಾರಿಯಿರಬೇಕು, ತಡೆದು ತಡೆದು ಕೊನೆಗೆ ಗೆಲ್ಲಬೇಕೆನ್ನುವವನಿಗೂ ಇರಬೇಕು. ಎದುರಾಳಿಯ ಪ್ರಾಣಿಯನ್ನು ತೆಗೆದುಹಾಕುವ ಎಲೆ ತೀರ ಹೆಚ್ಚಾದರೆ ಯಾರೂ ಏನೂ ಕಟ್ಟಲಾಗದು. ತೀರ ಕಡಿಮೆಯಾದರೆ ಮೊದಲು ದೊಡ್ಡದನ್ನು ಇಳಿಸಿದವನಿಗೇ ಜಯ. ಮುಖ್ಯವಾಗಿ, ಒಂದು ಎಲೆ ಇನ್ನೊಂದನ್ನು ಕರೆಯಬೇಕು. ಸತ್ತ ಪ್ರಾಣಿಗಳನ್ನು ಎಬ್ಬಿಸುವ ಕಪ್ಪು ಎಲೆಯಿದ್ದರೆ, ಎಬ್ಬಿಸಲು ತಕ್ಕ ಪ್ರಾಣಿಗಳೂ, ಅವನ್ನು ಮೊದಲೇ ಸ್ಮಶಾನಕ್ಕೆ ಸೇರಿಸುವ ಉಪಾಯಗಳೂ ಅದೇ ಪೆಟ್ಟಿಗೆಯಲ್ಲಿ ಚದುರಿರಬೇಕು. ಒಬ್ಬನೇ ಹುಡುಕಿದರೆ ಸಿಕ್ಕುವಷ್ಟು, ಇಬ್ಬರು ಪೈಪೋಟಿ ಮಾಡಿದರೆ ಸಾಲದಷ್ಟು.

ಎಲೆಯಾಟವನ್ನು ತಾನೇ ಕಟ್ಟುವ ಈ ಹುಚ್ಚು ನಮ್ಮ ನಾಡಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದಲ್ಲಿ ಹೊಸ ಹೊಸ ಆಟಗಳನ್ನು ರೂಪಿಸಿದರು. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಆದರೆ ಅದು ಅರಮನೆಯ ಮಾತು. ಚಿತ್ರಗಾರ ಒಂದೊಂದು ಎಲೆಯನ್ನೂ ಕೈಯಿಂದ ಬರೆದುಕೊಡಬೇಕಿತ್ತು.

ಕ್ಯೂಬಿನವರಲ್ಲಿಯೂ ಅರಮನೆಯ ಗೀಳು ಹತ್ತಿದವರಿದ್ದಾರೆ, ಅದನ್ನು ಹೇಳದೆ ಬಿಟ್ಟರೆ ಅನ್ಯಾಯವಾದೀತು. ಬ್ಲ್ಯಾಕ್ ಲೋಟಸ್ ಮೊದಲಾದ ಒಂಬತ್ತು ಹಳೆಯ ಎಲೆಗಳು ಇಲ್ಲದಿದ್ದರೆ ಅದು ಕ್ಯೂಬೇ ಅಲ್ಲವೆಂಬಂತೆ ಮಾತಾಡುತ್ತಾರೆ. ಪೆಟ್ಟಿಗೆ ತೆರೆದರೆ ಅದರಲ್ಲಿ ಒಂದು ಮನೆಯ ಬೆಲೆ. ಗೆಳೆಯರು ಎಲೆ ಮುಟ್ಟುವ ಮುನ್ನ ಕೈ ತೊಳೆದು ಬರಬೇಕು. ಎಲ್ಲರ ಆಟವೆಂದು ಶುರುವಾದದ್ದು ಒಬ್ಬನ ವೈಭವದ ಪ್ರದರ್ಶನವಾಗಿ ನಿಲ್ಲುತ್ತದೆ; ಅವನು ಊರು ಬಿಟ್ಟ ದಿನ ಆಟವೂ ಊರು ಬಿಡುತ್ತದೆ. ಇದಕ್ಕೆ ಎದುರಾಗಿ ಬರೀ ಸಾಮಾನ್ಯ ಎಲೆಗಳಿಂದಲೇ ಕಟ್ಟಿದ ಪಾಪರ್ ಕ್ಯೂಬ್ ಇದೆ. ಪಾಪರ್ ಎಂದರೆ ದರಿದ್ರ. ಪೊಟ್ಟಣ ಹರಿದವರು ವಿರಳ ಎಲೆ ತೆಗೆದುಕೊಂಡು ಅಂಗಡಿಯ ಮೂಲೆಯ ರಟ್ಟಿನ ಡಬ್ಬಿಗೆ ಎಸೆದುಹೋದ ಎಲೆಗಳು ಅವು. ಆಡಿ ನೋಡಿದವರು ಆಟದ ಸೊಗಸು ಎಳ್ಳಷ್ಟೂ ಕಡಿಮೆಯಿಲ್ಲ, ಪಟ್ಟುಗಳು ಇನ್ನೂ ಬಿಗಿ ಎನ್ನುತ್ತಾರೆ. ನಾವು ಕುಳಿತದ್ದು ಅಂತಹದೇ ಒಂದರ ಮುಂದೆ.

ಹಳೆಯ ಎಲೆ ಬೇಕೇ ಬೇಕೆನ್ನುವವರಿಗೆ ನಮ್ಮ ಮಾತು ಇಷ್ಟೆ: ಪ್ರತಿ ಮಾಡಿಕೊಳ್ಳಿ. ಕಾಗದದ ಮೇಲೆ ಹೆಸರೂ ನಿಯಮವೂ ಬರೆದು, ಹಿಂಬದಿ ಕಾಣದ ಪ್ಲಾಸ್ಟಿಕ್ ಕವರಿನಲ್ಲಿ ಯಾವುದಾದರೂ ಕೆಲಸಕ್ಕೆ ಬಾರದ ಎಲೆಯ ಮುಂದೆ ಸೇರಿಸಿದರೆ ಆಯಿತು. ಪ್ರಾಮಾಣಿಕತೆ ಏನಾಯಿತೆಂದು ಕೆಲವರು ಹುಬ್ಬು ಗಂಟಿಕ್ಕುವರು. ಮನೆಯ ಬಳಕೆಗೆ, ವ್ಯಾಪಾರವಿಲ್ಲದೆ ಮಾಡಿಕೊಳ್ಳುವ ಇಂತಹ ಎಲೆಗಳ ಮೇಲೆ ಪೊಲೀಸುಗಿರಿ ನಡೆಸುವ ಉದ್ದೇಶ ತನಗಿಲ್ಲವೆಂದು ಕಂಪೆನಿಯೇ 2016ರಲ್ಲಿ ಹೇಳಿದೆ. ಅದರ ಮಾನ್ಯತೆಯ ಪಂದ್ಯಗಳಲ್ಲಿ ಬಳಸುವಂತಿಲ್ಲ, ಅಷ್ಟೆ. ನಿಜವಾದದ್ದೆಂದು ನಂಬಿಸಿ ಮಾರುವ ಖೋಟಾ ವ್ಯಾಪಾರ ಬೇರೆ, ಅದನ್ನು ನಾವು ಸಮರ್ಥಿಸುವುದಿಲ್ಲ. ಚಿತ್ರಕಾರನ ಹೊಟ್ಟೆಯ ಮೇಲೆ ಹೊಡೆದಂತಲ್ಲವೆ ಎಂಬ ಪ್ರಶ್ನೆಗೆ ತೂಕವಿದೆ. ಆದರೆ 30 ಲಕ್ಷ ಡಾಲರಿಗೆ ಮಾರಿದ ಎಲೆಯ ಹಣ ಮಾರಿದವನಿಗೆ ಸೇರಿತು. ಬರೆದವನಿಗೂ ಅಚ್ಚು ಮಾಡಿದವನಿಗೂ ಆ ಪೇಟೆಯಲ್ಲಿ ಪಾಲಿಲ್ಲ. ಮತ್ತೆಂದೂ ಅಚ್ಚಾಗದ ಎಲೆಗೆ ನಾವು ಮಾಡಿಕೊಂಡ ಪ್ರತಿಯಿಂದ ಕಳೆದುಹೋಗುವ ಕೂಲಿ ಯಾರದು? ಸ್ವಂತ ನಕಲನ್ನು 999 ಡಾಲರಿಗೆ ಮಾರಿದವರಿಂದ ನಾವು ಈ ವಿಷಯದಲ್ಲಿ ನೀತಿ ಕಲಿಯಬೇಕಾಗಿಲ್ಲ.

ಕಂಪೆನಿಯಿಲ್ಲದೆ ಆಟ ಉಳಿದೀತೆ ಎಂದು ಅನುಮಾನಿಸುವವರು ನೆಟ್‌ರನ್ನರ್ ಎಂಬ ಆಟದ ಕಥೆ ಕೇಳಬೇಕು. ಅದೂ ಗಾರ್ಫೀಲ್ಡರದೇ, 1996ರಲ್ಲಿ ಮೊದಲು ಬಂದಿತು. 2012ರಲ್ಲಿ ಬೇರೊಂದು ಕಂಪೆನಿ ಅದನ್ನು ತಿದ್ದಿ, ಒಳಗೇನಿದೆಯೆಂದು ಹೊರಗೇ ತಿಳಿಸಿದ ಪೊಟ್ಟಣಗಳಲ್ಲಿ ಮಾರಿತು. ಹಾಗೂ ಮಾರಬಹುದೆಂದು ಆಗಲೇ ರುಜುವಾತಾಯಿತು. 2018ರಲ್ಲಿ ಪರವಾನಗಿ ತೀರಿ ಆಟ ನಿಂತಿತು. ಆಗ ಆಡುವವರೇ ಒಂದು ಸಂಘ ಕಟ್ಟಿಕೊಂಡರು. ಇಂದು ನಲ್ ಸಿಗ್ನಲ್ ಗೇಮ್ಸ್ ಎಂಬ ಹೆಸರಿನಲ್ಲಿ, ಲಾಭದ ಉದ್ದೇಶವಿಲ್ಲದೆ, ಹೊಸ ಎಲೆಗಳನ್ನು ರೂಪಿಸುತ್ತಾರೆ. ಕೊಳ್ಳುವವರು ಕೊಳ್ಳಬಹುದು, ಇಲ್ಲದವರು ಅವರೇ ಬಿಟ್ಟಿಯಾಗಿ ಕೊಡುವ ಪ್ರತಿಯನ್ನು ಮನೆಯಲ್ಲೇ ಅಚ್ಚು ಮಾಡಿಕೊಂಡು ಆಡಬಹುದು.

ಕ್ಯೂಬ್ ಕಟ್ಟುವ ಯುವಕರಿಗೆ ಒಂದು ಮಾತು ಉಳಿದಿದೆ. ಎಲೆ ಆರಿಸುವವನು ಒಬ್ಬನೇ ಆದರೆ ಅವನೂ ಸಣ್ಣ ಧಣಿಯೇ. ತನಗೆ ಪ್ರಿಯವಾದ ಬಣ್ಣಕ್ಕೆ ತೂಕ ಕೊಡುತ್ತಾನೆ, ತನ್ನನ್ನು ಸೋಲಿಸಿದ ಎಲೆಯನ್ನು ಮರುದಿನವೇ ತೆಗೆದುಹಾಕುತ್ತಾನೆ. ಆದ ಕಾರಣ ಪೆಟ್ಟಿಗೆ ಸಂಘದ್ದಾಗಿರಲಿ. ಕಪಾಟಿನ ಬೀಗದ ಕೈ ಇಬ್ಬರ ಬಳಿ ಇರಲಿ. ಒಂದು ರಿಜಿಸ್ಟರು ಇಟ್ಟು, ಪ್ರತಿ ಆಟದಲ್ಲಿ ಯಾವ ಎಲೆ ಕೊನೆಯ ತನಕ ಯಾರಿಗೂ ಬೇಡವಾಗಿ ಸುತ್ತಿತು, ಯಾವುದು ಕಟ್ಟಿಗೆ ಸೇರದೆ ಪಕ್ಕಕ್ಕೆ ಬಿತ್ತು ಎಂಬುದನ್ನು ಬರೆದಿಡಿ. ಮೂರು ತಿಂಗಳಿಗೊಮ್ಮೆ ಎಲ್ಲರೂ ಕುಳಿತು, ಯಾವ ಹತ್ತು ಹೋಗಬೇಕು, ಯಾವ ಹತ್ತು ಬರಬೇಕು ಎಂದು ಕೈಯೆತ್ತಿ ತೀರ್ಮಾನಿಸಿ. ಕಚೇರಿಗೆ ಬಂದಿದ್ದ ಹುಡುಗರ ರಿಜಿಸ್ಟರಿನಲ್ಲಿ ಒಂದು ಹಸಿರು ಎಲೆಯ ಮುಂದೆ ಏಳು ಸಲ ಗೀಟು ಬಿದ್ದಿತ್ತು. ಅದನ್ನು ಸೇರಿಸಿದವನು ಇನ್ನೂ ವಾದಿಸುತ್ತಿದ್ದ.